ಗುಡ್ಡದ ಬುಡದ ಮನೆ: ಕಕ್ಕಡಕ್ಕೆ (ಕೊಡಗಿನ ಜೋರು ಮಳೆಯ ತಿಂಗಳು) ಮುಂಚೆ ಏನೇನು ಸಿದ್ಧ ಇರಬೇಕು? ಮಾವನನ್ನು ಒಪ್ಪಿಸೋದು ಹೇಗೆ?

ಬೆಟ್ಟದಸೊಸೆ:
ಮಡಿಕೇರಿ ತಾಲೂಕು. ಮನೆ ಹಿಂದೆ ಸುಮಾರು 15 ಅಡಿ ಬರೆ (ಕಡಿದಾದ ಮಣ್ಣಿನ ದಂಡೆ), ಮೇಲೆ ಕಾಫಿ ತೋಟ, ಪಕ್ಕದಲ್ಲಿ ತೋಡು (ಸಣ್ಣ ಹಳ್ಳ). ಐದು ಜನ, ಎರಡು ಹಸು. ಮಾವನಿಗೆ 78. "ನಮ್ಮ ದೇವರು ಇಗ್ಗುತಪ್ಪ ಕಾಯ್ತಾನೆ, ದೀಪ ಬಿಟ್ಟು ಎಲ್ಲಿಗೂ ಬರಲ್ಲ" ಅಂತಾರೆ. ಅವರ ನಂಬಿಕೆ ನನ್ನದೂ ಹೌದು, ಅದನ್ನು ಮುರಿಯೋಕೆ ಇಷ್ಟ ಇಲ್ಲ. ಯಾವ ಗುರುತು ಕಂಡರೆ ಹೊರಡಬೇಕು? ಏನು ಕಟ್ಟಿಟ್ಟುಕೊಳ್ಳಬೇಕು? ಅವರಿಗೆ ಹೇಗೆ ಹೇಳಲಿ?

ಇಂಚುಸೆಂಟು:
ಮೊದಲು ಮಳೆ ಅಳೆಯಿರಿ ಅಕ್ಕ. ಮಳೆಮಾಪಕ ಇಲ್ಲದಿದ್ದರೆ ಬುಡದಿಂದ ಬಾಯಿವರೆಗೆ ಒಂದೇ ಅಗಲದ ಡಬ್ಬ, ಒಂದು ಸ್ಕೇಲು ಸಾಕು. ಬಕೆಟ್ ಬೇಡ, ಬಾಯಿ ಅಗಲ ಇರೋದರಿಂದ ಹೆಚ್ಚು ತೋರಿಸುತ್ತೆ. ಮರ, ಸೂರು ಎರಡರಿಂದಲೂ ದೂರ ಇಟ್ಟು ಬೆಳಿಗ್ಗೆ 8.30ಕ್ಕೆ ನೋಡಿ, ಹವಾಮಾನ ಇಲಾಖೆಯ ದಿನವೂ ಆಗಲೇ ಮುಗಿಯೋದು. ಅವರ ಲೆಕ್ಕದಲ್ಲಿ 115.6 ಮಿ.ಮೀ.ಯಿಂದ ಅತಿ ಭಾರಿ ಮಳೆ, ಅಂದರೆ ನಮ್ಮ ನಾಲ್ಕೂವರೆ ಇಂಚು. 204.5 ದಾಟಿದರೆ ಎಂಟು ಇಂಚು, ಅದು ಎಲ್ಲಕ್ಕಿಂತ ಮೇಲಿನ ದರ್ಜೆ. ಆದರೆ ಒಂದು ದಿನದ ಅಂಕಿ ನೋಡಿ ಸುಮ್ಮನಾಗಬೇಡಿ. ಹಿಂದಿನ ಮೂರ್ನಾಲ್ಕು ದಿನ ಕುಡಿದು ನೆಲ ತುಂಬಿದ್ದರೆ, ಆಮೇಲೆ ಬಿದ್ದ ನೀರೇ ಮಣ್ಣಿನ ಹಿಡಿತ ಬಿಡಿಸೋದು. ನನ್ನ ಅಭಿಪ್ರಾಯ: ಮೂರು ದಿನ ಬಿಡದೆ ಸುರಿದು ನಾಲ್ಕನೇ ದಿನ ನಾಲ್ಕೂವರೆ ಇಂಚು ಬಂತು ಅಂದರೆ, ಬಿರುಕು ಕಾಣದಿದ್ದರೂ ಆ ರಾತ್ರಿ ಬರೆ ಬುಡದಲ್ಲಿ ಮಲಗಬೇಡಿ.

ಬರೆಯ ಮೇಲಿನ ಅಂಚನ್ನು ದಿನಾ ನೋಡಿ. ಬಿರುಕು ಕಂಡರೆ ಎರಡೂ ಬದಿ ಗೂಟ ಹೊಡೆದು ಅಂತರ ಬರೆದಿಡಿ. ಅಂತರ ಬೆಳೆಯುತ್ತಿದ್ದರೆ ಅಳೆಯುತ್ತಾ ಕೂರಬೇಡಿ, ಹೊರಡಿ. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗೋದು, ಸಿಲ್ವರ್ ಮರ ಅಥವಾ ಕರೆಂಟು ಕಂಬ ವಾಲೋದು, ಬರೆ ಬುಡದ ಒರತೆಯಲ್ಲಿ ಕೆಂಪು ನೀರು ಬರೋದು ಇವೂ ಅಂಥವೇ. ಎಲ್ಲಕ್ಕಿಂತ ಕೆಟ್ಟದ್ದು, ಜೋರು ಮಳೆಯಲ್ಲೇ ತೋಡಿನ ನೀರು ತಗ್ಗೋದು. ಮೇಲೆಲ್ಲೋ ಮಣ್ಣು, ಮರ ಅಡ್ಡ ಬಿದ್ದು ನೀರು ಕಟ್ಟಿಕೊಂಡಿದೆ ಅಂತ ಅರ್ಥ. ಚಪ್ಪಲಿಗೂ ಹುಡುಕಬೇಡಿ. ತೋಡಿನ ಗುಂಟ ಕೆಳಕ್ಕೆ ಓಡದೆ, ಅಡ್ಡಲಾಗಿ ಎತ್ತರದ ದಿಣ್ಣೆ ಕಡೆ ಹೋಗಿ.

ಇನ್ನೊಂದು, ಬಹಳ ಜನ ತಪ್ಪು ಮಾಡೋದು ಇಲ್ಲೇ. ಬಯಲುಸೀಮೆಗೆ ಒಳ್ಳೆಯದಾದ ಇಂಗುಗುಂಡಿ ಬರೆಯ ಮೇಲೆ ಬೇಡವೇ ಬೇಡ. ನೀರು ಒಳಗೆ ಇಳಿದಷ್ಟೂ ಮಣ್ಣಿನ ಭಾರ, ಒತ್ತಡ ಎರಡೂ ಏರುತ್ತೆ. ಮೇಲೆ ಅಡ್ಡ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ಹಾಯಿಸಿ, ಸೂರಿನ ನೀರು, ಬಚ್ಚಲ ಪೈಪು ಇಳಿಜಾರಿಗೆ ಬಿಡಬೇಡಿ. ತಡೆಗೋಡೆ ಇದ್ದರೆ ಅದರ ನೀರುಕಿಂಡಿಗಳನ್ನು ಮೇ ತಿಂಗಳಲ್ಲೇ ಸರಳು ಹಾಕಿ ಬಿಡಿಸಿ. ಕಿಂಡಿ ಮುಚ್ಚಿದ ಕಾಂಕ್ರೀಟ್ ಗೋಡೆ ಎಷ್ಟೇ ದಪ್ಪ ಇದ್ದರೂ ಹಿಂದಿನ ನೀರು ಅದನ್ನು ತಳ್ಳಿ ಕೆಡವಬಹುದು.

ಕೊಟ್ಟಿಗೆ:
ಗಂಟು ಚಿಕ್ಕದಿರಲಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾವನ 15 ದಿನದ ಮಾತ್ರೆ, ಔಷಧಿ ಚೀಟಿ, ಕನ್ನಡಕ, ಟಾರ್ಚು, ಪವರ್ ಬ್ಯಾಂಕು, ಸಣ್ಣ ನೋಟುಗಳು. ಆಧಾರ್, ಪಹಣಿ ಮತ್ತೆ ಸಿಗುತ್ತೆ, ಅದಕ್ಕಾಗಿ ಯಾರೂ ಮನೆಗೆ ವಾಪಸ್ ಓಡಬಾರದು. ಮೂಲ ಕ್ರಯಪತ್ರ, ವಿಭಾಗಪತ್ರ ಮಾತ್ರ ಮಳೆಗೆ ಮುಂಚೆಯೇ ಪೇಟೆಯ ನೆಂಟರ ಮನೆಗೋ ಬ್ಯಾಂಕ್ ಲಾಕರಿಗೋ ಹೋಗಲಿ. ಮನೆಯ ನಾಲ್ಕೂ ಬದಿ, ಹಸುಗಳ ಕಿವಿಯೋಲೆ ಸಂಖ್ಯೆ ಕಾಣುವ ಹಾಗೆ ಫೋಟೊ ತೆಗೆದು ಹೊರಗಿರುವ ಒಬ್ಬರಿಗೆ ಕಳಿಸಿಡಿ, ಪರಿಹಾರದ ಮಹಜರಿಗೆ ಬೇಕಾಗುತ್ತೆ.

ಹಸುವಿನ ಹಗ್ಗಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಿ. ನೆನೆದ ತೆಂಗಿನ ನಾರಿನ ಹಗ್ಗ ಕತ್ತಲಲ್ಲಿ ಬಿಚ್ಚೋಕೆ ಬರಲ್ಲ, ಕೊಟ್ಟಿಗೆ ಕಂಬಕ್ಕೆ ಒಂದು ಕತ್ತಿ ಸಿಕ್ಕಿಸಿಡಿ. ಮೊಬೈಲಿಗೆ ಸಿಗ್ನಲ್ ಇರುವಾಗಲೇ 112 ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ತಿಳಿಸಿ. ಆಮೇಲೆ ಟವರ್ ಹೋದರೆ ಬ್ಯಾಟರಿ ರೇಡಿಯೊ ಒಂದೇ ಗತಿ.

ಹಳೇಮನೆ:
ಮಾವನ ಹತ್ತಿರ "ದೇವರು ಕಾಯಲ್ಲ" ಅನ್ನೋ ಮಾತು ಎತ್ತಲೇಬೇಡಿ. 2020ರ ಆಗಸ್ಟ್ 6ರಂದು ಗುಡ್ಡ ಜರಿದದ್ದು ತಲಕಾವೇರಿಯಲ್ಲೇ. ಹೋದದ್ದು ಅಲ್ಲಿನ ಅರ್ಚಕರ ಮನೆ. ಅಲ್ಲಿ ಭಕ್ತಿಗೆ ಏನು ಕೊರತೆ ಇತ್ತು? ಗುಡ್ಡ ಯಾರ ಪಾಪ ಪುಣ್ಯವನ್ನೂ ನೋಡಿ ಬೀಳಲ್ಲ. ಹಾಗಾಗಿ ಮನೆ ಉಳಿದವರ ನಂಬಿಕೆ ದೊಡ್ಡದು, ಕಳೆದುಕೊಂಡವರದ್ದು ಸಣ್ಣದು ಅನ್ನೋಕೆ ನಮಗೆ ಹಕ್ಕಿಲ್ಲ.

ಅವರದೇ ಆಚಾರದಿಂದ ಮಾತು ಶುರು ಮಾಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕಕ್ಕಡ. ಮದುವೆ, ಗೃಹಪ್ರವೇಶ ಏನೂ ಇಲ್ಲ. ಸೌದೆ, ಒಣಮೀನು ಮುಂಚೆಯೇ ಕೂಡಿಡಬೇಕು, ಆಗಸ್ಟ್ 3ಕ್ಕೆ ಮದ್ದುಸೊಪ್ಪು (ಔಷಧಿ ಸೊಪ್ಪು) ತಿನ್ನೋದು. ಹಿರಿಯರು ಆ ತಿಂಗಳಿಗೆ ಹೆದರಿಯೇ ಇದನ್ನೆಲ್ಲ ಕಟ್ಟಿದ್ದು. 2018ರ ನಮ್ಮ ಕೊಡಗಿನ ಗುಡ್ಡ ಕುಸಿತ ಕಕ್ಕಡ ಮುಗಿಯುವ ಹೊತ್ತಿಗೆ, ತಲಕಾವೇರಿಯದ್ದು ಕಕ್ಕಡದಲ್ಲೇ, 2024ರ ಜುಲೈ 30ರ ವಯನಾಡಿನದ್ದೂ ಅಷ್ಟೇ. ಕಕ್ಕಡ ಹುಟ್ಟುವ ಮುಂಚೆ ಒಂದು ಸಂಜೆ ದೀಪ ಹಚ್ಚಿ, ಮನೆತನದ ಮೂಲಪುರುಷ ಗುರುಕಾರಣನ ಮುಂದೆ ಮನೆಯವರೆಲ್ಲ ಕೂತು ತೀರ್ಮಾನಿಸಿ: ಇಷ್ಟು ಇಂಚು ಬಂದರೆ ಅಥವಾ ಬಿರುಕು ಕಂಡರೆ ಇಂಥವರ ಮನೆಗೆ ಹೋಗೋದು. ಡಬ್ಬ ನೋಡುವ ಕೆಲಸ, "ಹೊರಡಿ" ಅನ್ನುವ ಅಧಿಕಾರ ಎರಡನ್ನೂ ಮಾವನಿಗೇ ಕೊಡಿ. ಎಳೆದುಕೊಂಡು ಹೋಗುವ ಮುದುಕನಾಗಿ ಅವರು ಬರಲ್ಲ, ಮನೆ ಯಜಮಾನನಾಗಿ ಬರ್ತಾರೆ. ಹಗಲಲ್ಲಿ ಒಮ್ಮೆ ಅವರ ಜೊತೆ ಆ ದಾರಿ ನಡೆದು ಎಷ್ಟು ನಿಮಿಷ ಹಿಡಿಯುತ್ತೆ ನೋಡಿ. ರಾತ್ರಿ, ಮಳೆಯಲ್ಲಿ ಅದರ ಎರಡರಷ್ಟು ಇಟ್ಟುಕೊಳ್ಳಿ.

ಬೆಟ್ಟದಸೊಸೆ:
ಎಲ್ಲರಿಗೂ ಕೈಮುಗಿದೆ. ದೀಪದ ಮಾತಿಗೇ ಅವರು ಕೊನೆಗೆ ನಿಲ್ಲೋದು. ನೆಲ್ಲಕ್ಕಿಯ (ಮನೆಯ ನಡುಕೋಣೆ) ತೂಗುದೀಪ ಇಳಿಸೋಕೆ ಹೊತ್ತು ಬೇಕು.

ಹಳೇಮನೆ:
ಇಳಿಸಬೇಡಿ. ಗಾಜಿನ ಲಾಟೀನು ಒಂದನ್ನು ಬತ್ತಿ ಕತ್ತರಿಸಿ, ಎಣ್ಣೆ ತುಂಬಿ ಅದರ ಕೆಳಗೇ ಇಡಿ. ಹೊರಡುವಾಗ ಮೊದಲು ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ, ಆಮೇಲೆ ಆ ದೀಪದಿಂದಲೇ ಲಾಟೀನಿಗೆ ಹಚ್ಚಿ ಮಾವನ ಕೈಗೆ ಕೊಡಿ. ತೂಗುದೀಪ ಆರಿಸಿ ಬಾಗಿಲು ಎಳೆದುಕೊಳ್ಳಿ.