ಕ್ಯಾಟಪಲ್ಟ್ ಎಳೆದಾಗ ಮುಂದಿನ ಚಕ್ರದ ಕಾಲು ಕಿತ್ತು ಬರಲ್ವಾ?

ಸೋಗಾನೆ_ಮೆಕ್ಯಾನಿಕಲ್:
ನಮ್ಮ ಸೋಗಾನೆ (ಶಿವಮೊಗ್ಗ ವಿಮಾನ ನಿಲ್ದಾಣ) ರನ್‌ವೇ 3.2 ಕಿ.ಮೀ. ಇದೆ. ಅಮೆರಿಕದ ಹಡಗಲ್ಲಿ ಕ್ಯಾಟಪಲ್ಟ್ ಅನ್ನೋ ಎಳೆಯೋ ಯಂತ್ರದಿಂದ ನೂರು ಮೀಟರಿನೊಳಗೆ ವಿಮಾನ ಹಾರಿಸ್ತಾರೆ, ಅದೂ ಮುಂದಿನ ಕಾಲು ಹಿಡಿದೆಳೆದು. ಅಷ್ಟು ಬಲ ಕಾಲಿನಿಂದ ವಿಮಾನದ ಒಡಲಿಗೆ ಹೋಗೋದು ಹೇಗೆ? ಬಿರುಕು ಮೊದಲು ಬೀಳೋದೆಲ್ಲಿ?

ಸಾಗರದ_ಮಾವ:
ಲೆಕ್ಕ ಹಾಕಿಬಿಡಿ. ಸ್ಟೀಮ್ ಕ್ಯಾಟಪಲ್ಟಿನ ಓಟ ಸುಮಾರು 94 ಮೀಟರ್, ಕೊನೆಯ ವೇಗ ಗಂಟೆಗೆ 265 ಕಿ.ಮೀ. ಹಿಡಿಯಿರಿ. ಸರಾಸರಿ 2.9 ಜಿ, ಅಂದ್ರೆ ಗುರುತ್ವದ 2.9 ಪಟ್ಟು ವೇಗೋತ್ಕರ್ಷ ಬರುತ್ತೆ. 20 ಟನ್ ವಿಮಾನಕ್ಕೆ 58 ಟನ್ ಬಲ ಬೇಕು. ಎಂಜಿನ್ನುಗಳು 20 ಟನ್ ಕೊಟ್ಟರೂ ಉಳಿದ 38 ಟನ್, ಕಾಲನ್ನ ಕ್ಯಾಟಪಲ್ಟಿಗೆ ಸಿಕ್ಕಿಸೋ ಲಾಂಚ್ ಬಾರ್ ಮೇಲೇ.

ಆ ಬಾರ್ ಕಾಲಿನ ಕೆಳತುದಿಯಲ್ಲಿರುತ್ತೆ. ಕಾಲು ಬರೀ ಕಂಬದ ಹಾಗೆ ನಿಂತಿದ್ರೆ ಬುಡದಲ್ಲೇ ಬಾಗಿ ಹೋಗ್ತಿತ್ತು. ಓರೆಯಾಗಿ ಕೂತ ಡ್ರ್ಯಾಗ್ ಬ್ರೇಸ್ ಅನ್ನೋ ಆಧಾರದ ಸರಳು ಎಳೆತವನ್ನ ಬಾಡಿಯ ಉದ್ದಕ್ಕಿರೋ ತೊಲೆಗಳಿಗೆ ದಾಟಿಸುತ್ತೆ. ರೆಕ್ಕೆ ಕೆಳಗೆ 1 ಟನ್ನಿನ ಟ್ಯಾಂಕ್ ಇದ್ರೆ ಅದೂ ಸುಮಾರು 3 ಟನ್ ಬಲದಿಂದ ಅದನ್ನ ತೂಗಿಹಾಕಿರೋ ಪೈಲಾನನ್ನ ಹಿಂದಕ್ಕೆ ಜಗ್ಗುತ್ತೆ, ಇದನ್ನ ಜನ ಮರೀತಾರೆ.

ಆದ್ರೆ ಸರಾಸರಿ ನೋಡಿ ಸಮಾಧಾನ ಪಡಬೇಡಿ ಮಾರಾಯ್ರೆ. ಎಂಜಿನ್ ಪೂರ್ತಿ ಜೋರಲ್ಲಿರುವಾಗ ವಿಮಾನವನ್ನ ತಡೆದಿಡೋದು ಹಿಂದಿನ ಹೋಲ್ಡ್‌ಬ್ಯಾಕ್. ನಿಗದಿತ ಬಲ ದಾಟಿದ ಕೂಡ್ಲೇ ಅದು ಬಿಡುತ್ತೆ. ಆ ಜಗ್ಗಿಗೆ ಇಡೀ ಬಾಡಿ ಉದ್ದಕ್ಕೆ ಅದುರುತ್ತೆ. ಓಟದ ಕೊನೆಗೆ ಎಳೆತ ಒಮ್ಮೆಲೇ ಸೊನ್ನೆ. ಅದುಮಿಕೊಂಡಿದ್ದ ಸ್ಟ್ರಟ್ (ಕಾಲಿನ ಶಾಕ್ ಅಬ್ಸಾರ್ಬರ್) ಚಿಮ್ಮಿ ಮೂಗು ಮೇಲೇಳುತ್ತೆ.

ಭದ್ರಾವತಿ_ಉಕ್ಕು:
ಬಿರುಕಿನ ವಿಷಯ ನಾನು ಹೇಳ್ತೀನಿ. ಪಿನ್ ಕೂರೋ ತೂತಿನ ಅಂಚು, ದಪ್ಪ ಬದಲಾಗೋ ಮೂಲೆ, ಡೆಕ್ಕಿಗೆ ಉಜ್ಜಿ ಗೀರು ಬಿದ್ದ ಜಾಗ, ಮೊದಲು ಇಲ್ಲೇ ನೋಡಬೇಕು. ಕಾಲಿಗೆ ಬಳಸೋದು 300ಎಂ ಅಥವಾ ಏರ್‌ಮೆಟ್ 100 ಥರದ ಉಕ್ಕು. 300ಎಂ ಗಟ್ಟಿ, ಆದ್ರೆ ಹೈಡ್ರೋಜನ್ ಹೊಕ್ಕರೆ ಗಾಜಿನ ಬುದ್ಧಿ ತೋರಿಸುತ್ತೆ. ತುಕ್ಕು ತಡೆಯೋಕೆ ಕ್ಯಾಡ್ಮಿಯಂ ಲೇಪನ ಮಾಡುವಾಗಲೇ ಹೈಡ್ರೋಜನ್ ಒಳಗೆ ಸೇರುತ್ತೆ. ಅದಕ್ಕೇ ತಡಮಾಡದೆ 190 ಡಿಗ್ರಿ ಸೆಲ್ಸಿಯಸ್ಸಲ್ಲಿ 23 ಗಂಟೆ ಬೇಯಿಸಬೇಕು. ಆಸಿಡ್ ಹಾಕಿ ಹಳೇ ಲೇಪನ ತೆಗೆದು ಬೇಯಿಸದೆ ಬಿಟ್ಟರೆ, ಕಡಿಮೆ ಭಾರದಲ್ಲೇ, ವಿಮಾನ ಸುಮ್ಮನೆ ನಿಂತಿದ್ದಾಗಲೂ ಸೀಳಬಹುದು. ಮೇಲ್ಮೈ ಬಿರುಕು ಹುಡುಕೋಕೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ (ಕಾಂತೀಯ ಪುಡಿಯ ಪರೀಕ್ಷೆ) ಸಾಕು.

ಸೋಗಾನೆ_ಮೆಕ್ಯಾನಿಕಲ್:
ಹಾಗಾದ್ರೆ ವಿದ್ಯುತ್ ಕ್ಯಾಟಪಲ್ಟ್ ಬಂದ್ರೆ ಈ ಜಗ್ಗು ಹೋಗುತ್ತಾ? ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್ ಕಥೆ?

ಸಾಗರದ_ಮಾವ:
ಕಡಿಮೆಯಾಗುತ್ತೆ, ತಾನಾಗೇ ಅಲ್ಲ. ಓಟದುದ್ದಕ್ಕೂ ಬಲವನ್ನ ಕಂಪ್ಯೂಟರ್ ತಿದ್ದುತ್ತೆ, ಆ ತಿದ್ದುಪಡಿ ಸರಿಯಿರಬೇಕು. 2014ರ ಪರೀಕ್ಷೆಯಲ್ಲಿ ಹೊರ ಟ್ಯಾಂಕ್ ಹೊತ್ತ ಎಫ್/ಎ-18 ಯುದ್ಧವಿಮಾನಕ್ಕೆ ಮಿತಿಮೀರಿದ ಒತ್ತಡ ಕಂಡಿತ್ತು, ಸರಿಮಾಡಿದ್ದು ಸಾಫ್ಟ್‌ವೇರಲ್ಲಿ.

1961ರ ಹಳೇ ವಿಕ್ರಾಂತಲ್ಲಿ ಸ್ಟೀಮ್ ಕ್ಯಾಟಪಲ್ಟ್ ಇತ್ತು. ಈಗಿನದಕ್ಕೆ ಸ್ಕೀ ಜಂಪ್, ಅಂದ್ರೆ ತುದಿ ಮೇಲಕ್ಕೆ ಬಾಗಿದ ಡೆಕ್. ಅಲ್ಲಿ ಎಳೆತವೇ ಇಲ್ಲ, ಎಂಜಿನ್ ಬಲ ಅಷ್ಟೇ. ಏರುಬಾಗಿನಲ್ಲಿ ವಿಮಾನ ಮೇಲಕ್ಕೆ ತಿರುಗುವಾಗ ಮೂರೂ ಕಾಲು ಅದುಮಿಕೊಳ್ತವೆ. ಅಂದ್ರೆ ಸ್ಟ್ರಟ್ಟಿನ ಕುಗ್ಗುವಿಕೆ ನೋಡಿ ವಿನ್ಯಾಸ ಮಾಡಬೇಕು. ಕ್ಯಾಟಪಲ್ಟಿಗೆ ಬೇಕಾದ ಲಾಂಚ್ ಬಾರ್, ಅದರ ಬ್ರೇಸ್ ಆಮೇಲೆ ಸೇರಿಸ್ತೀವಿ ಅಂದ್ರೆ ಮೂಗಿನ ಭಾಗದ ತೊಲೆಗಳನ್ನೇ ಹೊಸದಾಗಿ ಮಾಡಬೇಕಾಗುತ್ತೆ.