ಚೆಂಡೆ ಪೆಟ್ಟು ಬಿದ್ದರೆ ಆಂಪ್ ಆಫ್: ಮೀಟರ್ ಎಲ್ಲಿಟ್ಟು ನೋಡಲಿ?

ಪ್ರಶ್ನೆ (ಮಲ್ಪೆ): ಕಾರಿನ ಡಿಕ್ಕಿಯಲ್ಲಿ ನಾನೇ ಆಂಪ್ (ಸ್ಪೀಕರ್ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಕೂರಿಸಿದ್ದೆ. ಎರಡು ಮಳೆಗಾಲ ಚೆನ್ನಾಗಿತ್ತು. ಈಗ ಯಕ್ಷಗಾನ ಹಾಕಿ ಚೆಂಡೆ ಜೋರಾದ ಕೂಡಲೇ ಆಫ್ ಆಗುತ್ತದೆ. ಆ ಹೊತ್ತಿಗೆ ಬ್ಯಾಟರಿಯಲ್ಲಿ 13.9 ವೋಲ್ಟ್ ಇದೆ, ಆಂಪ್ ಹತ್ತಿರ 10.8. ಬ್ಯಾಟರಿ ಬದಲಿಸಬೇಕಾ?

ಉತ್ತರ (ಸುರತ್ಕಲ್): ಸುಮ್ನೆ ಬ್ಯಾಟರಿಗೆ ದುಡ್ಡು ಹಾಕಬೇಡಿ ಮಾರಾಯ್ರೆ. ಅದು ಗಟ್ಟಿಯಾಗಿಯೇ ಇದೆ, ವೋಲ್ಟ್ ನಷ್ಟ ಆಗುತ್ತಿರುವುದು ದಾರಿಯಲ್ಲಿ, ಅಂದರೆ ವೈರ್ ಅಥವಾ ಜೋಡಣೆಯಲ್ಲಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿಗೆ ಉದ್ದ ವೈರ್ ಕಟ್ಟಿ ಬ್ಯಾಟರಿಯ ಮೈನಸ್‌ಗೆ, ಕೆಂಪನ್ನು ಆಂಪ್‌ನ ಗ್ರೌಂಡ್ (ಮೈನಸ್) ಸ್ಕ್ರೂಗೆ ಹಿಡಿಯಿರಿ. ಚೆಂಡೆ ಬಾರಿಸುವಾಗಲೇ ನೋಡಬೇಕು. 0.2 ವೋಲ್ಟ್ ದಾಟಬಾರದು. ನನ್ನ ಕಾರಿನಲ್ಲಿ 1.9 ಬಂದಿತ್ತು. ಗ್ರೌಂಡ್ ವೈರನ್ನು ಕಾರಿನ ತಗಡಿಗೆ ಬಿಗಿದ ಬೋಲ್ಟ್ ಬಿಚ್ಚಿದರೆ ಲಗ್ (ವೈರ್ ತುದಿಯ ಲೋಹದ ಬಳೆ) ಮೇಲೆ ಹಸಿರು ಪುಡಿ, ಕೆಳಗೆ ಕೆರೆಯದ ಪೇಂಟ್. ನಮ್ಮ ಉಪ್ಪು ಗಾಳಿಗೆ ಇಷ್ಟು ಸಾಕು.

ಇನ್ನೊಬ್ಬರು (ಕಾಪು): ವೈರ್ ತುಂಡಾಗಿಲ್ಲ ಎಂದು ಮೀಟರ್ ಹೇಳುವ ಕಂಟಿನ್ಯುಟಿಯ ಬೀಪ್ ನಂಬಬೇಡಿ. ಒಂದೇ ಎಳೆ ತಾಮ್ರ ಉಳಿದಿದ್ದರೂ ಅದು ಕೂಗುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಆಂಪ್‌ನ ಪ್ಲಸ್‌ಗೂ ಹೀಗೇ ಅಳೆಯಿರಿ, ಫ್ಯೂಸ್ ಹೋಲ್ಡರ್ ಸಡಿಲ ಇರಬಹುದು. ಕೆಂಪು ಕಡ್ಡಿಯ ವೈರ್ ಮೀಟರ್‌ನ 10 ಆಂಪಿಯರ್ ತೂತಿನಲ್ಲಿ ಇಲ್ಲ ಅಲ್ವಾ? ಇದ್ದರೆ ಕಡ್ಡಿಗಳು ಪ್ಲಸ್‌ಗೂ ಮೈನಸ್‌ಗೂ ತಾಗಿದ ಕೂಡಲೇ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ.

ಪ್ರಶ್ನೆ ಕೇಳಿದವರು: ಗ್ರೌಂಡ್‌ನಲ್ಲೇ 2.8! ಮರಳು ಕಾಗದದಲ್ಲಿ ತಗಡು ಹೊಳೆಯುವವರೆಗೆ ಉಜ್ಜಿದೆ, ಹೊಸ ಲಗ್ ಹಾಕಿ ಬಿಗಿದೆ, ಮೇಲೆ ಗ್ರೀಸ್ ಹಚ್ಚಿದೆ. ಈಗ 0.08. ಆಂಪ್ ಆಫ್ ಆಗಲೇ ಇಲ್ಲ. ಉಪಕಾರ ಆಯ್ತು.