ಘಾನಾದ ಅರವತ್ತು ವರ್ಷದ ಹೂಡಿಕೆ: ಈ ಗೆರೆಯನ್ನು ಹೇಗೆ ಓದಬೇಕು?

ಕೇಳಿದ್ದು: ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನ ಪ್ರಬಂಧದ ವಿಷಯ ಘಾನಾ. ಸ್ವಾತಂತ್ರ್ಯ ಬಂದ ಮೇಲೆ ಆ ದೇಶ ತನ್ನ ಜಿಡಿಪಿಯ ಎಷ್ಟು ಪಾಲನ್ನು ರಸ್ತೆ, ಕಟ್ಟಡ, ಯಂತ್ರಗಳ ಮೇಲೆ ಹಾಕಿತು, ಅದು ಯಾಕೆ ಏರಿತು, ಯಾಕೆ ಇಳಿಯಿತು ಅಂತ ಬರೆಯಬೇಕು. ವಿಶ್ವಬ್ಯಾಂಕಿನ ಅಂಕಿ ತೆಗೆದು ಗ್ರಾಫ್ ಹಾಕಿದ್ದೇನೆ. 1960ರ ದಶಕದ ಶುರುವಿನಲ್ಲಿ ಶೇ. 20ರ ಆಸುಪಾಸು. 1982ರಲ್ಲಿ ಶೇ. 4ಕ್ಕೂ ಕೆಳಗೆ. 1990ರ ದಶಕದಲ್ಲಿ ಮತ್ತೆ 20ರ ಮೇಲೆ. ಅಲ್ಲಿಂದ ಈಚೆಗೆ ಬರೀ ಏರಿಳಿತ. ಹಳೇ ವರದಿಯ ಅಂಕಿಗೂ ಹೊಸದಕ್ಕೂ ತಾಳೆ ಆಗುತ್ತಿಲ್ಲ. ಗೈಡ್ ಅವರು "ಪ್ರತಿ ತಿರುವಿಗೂ ಕಾರಣ ಬರಿ" ಅಂದಿದ್ದಾರೆ. ಇಂಥ ಅಂಕಿಗಳ ಜೊತೆ ಒದ್ದಾಡಿದವರು, ಘಾನಾದಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಅಂಕಿಅಂಶದ ಮೇಷ್ಟ್ರು (ನಿವೃತ್ತ), ಮೈಸೂರು

ಕಾರಣ ಹುಡುಕುವ ಮೊದಲು ಒಂದು ವಿಷಯ ನೋಡಮ್ಮ. ನೀನು ಹಾಕಿರೋದು ಒಂದು ಭಾಗಾಕಾರ. ಮೇಲೆ ಹೂಡಿಕೆ, ಕೆಳಗೆ ಜಿಡಿಪಿ. ಒಂದು ಇಟ್ಟಿಗೆಯನ್ನೂ ಇಡದೆ ಈ ಗೆರೆ ಏರಬಹುದು, ಇಳಿಯಬಹುದು. ಘಾನಾದಲ್ಲಿ ಎರಡೂ ಆಗಿದೆ.

1982ರ ತಳವನ್ನೇ ತಗೋ. ಆಗ ಸರ್ಕಾರಿ ದರದಲ್ಲಿ ಒಂದು ಡಾಲರಿಗೆ 2.75 ಸೆಡಿ (ಸೆಡಿ ಅಂದರೆ ಘಾನಾದ ಹಣ). ಕಾಳಸಂತೆಯಲ್ಲಿ ಅದರ ಹತ್ತಾರು ಪಟ್ಟು. ಒಳಗಿನ ಬೆಲೆಗಳು ಹುಚ್ಚೆದ್ದಿದ್ದವು. 1981ರಲ್ಲೂ 1983ರಲ್ಲೂ ಹಣದುಬ್ಬರ ಶೇ. 100 ದಾಟಿತ್ತು. ಈಗ ಹೊರಗಿನಿಂದ 1,000 ಡಾಲರಿನ ಒಂದು ಯಂತ್ರ ಬಂತು ಅಂದುಕೋ. ಸರ್ಕಾರಿ ದರದಲ್ಲಿ ಲೆಕ್ಕಕ್ಕೆ ಬರೆದರೆ 2,750 ಸೆಡಿ. ಜಿಡಿಪಿಯ ಬಹುಪಾಲು ಮಾತ್ರ ಒಳಗಿನ ಉಬ್ಬಿದ ಬೆಲೆಯಲ್ಲಿದೆ. ಪಾಲು ಚಿಕ್ಕದಾಗಿ ಕಾಣದೆ ಇನ್ನೇನು? 1983ರ ಏಪ್ರಿಲ್‌ನಲ್ಲಿ ಸೇನೆಯಿಂದ ಬಂದ ರಾಲಿಂಗ್ಸ್ ಎಂಬವರ ಸರ್ಕಾರ ಆರ್ಥಿಕ ಚೇತರಿಕೆ ಕಾರ್ಯಕ್ರಮ ಶುರು ಮಾಡಿತು. 1986ರ ಜನವರಿ ಹೊತ್ತಿಗೆ ಡಾಲರಿಗೆ 90 ಸೆಡಿ. ಅದೇ ಯಂತ್ರ ಈಗ 90,000 ಸೆಡಿ. ಒಳಗಿನ ಬೆಲೆಗಳು ಅಷ್ಟು ಪಟ್ಟು ಏರಿರಲಿಲ್ಲ. ಹಾಗಾಗಿ 80ರ ದಶಕದ ಏರಿಕೆಯಲ್ಲಿ ಒಂದು ಭಾಗ ನಿಜವಾದ ಹೂಡಿಕೆ, ಒಂದು ಭಾಗ ಬರೀ ದರದ ಆಟ. ಸ್ಥಿರ ಬೆಲೆಯ ಸರಣಿಯನ್ನೂ (ಎಲ್ಲಾ ವರ್ಷಗಳನ್ನೂ ಒಂದೇ ವರ್ಷದ ಬೆಲೆಯಲ್ಲಿ ಎಣಿಸಿದ್ದು) ಪಕ್ಕದಲ್ಲಿಟ್ಟು ನೋಡಿದರೆ ಯಾವುದು ಎಷ್ಟು ಅಂತ ಅಂದಾಜು ಸಿಗುತ್ತದೆ.

ಎರಡನೇದು ಭಾಜಕ, ಅಂದರೆ ಕೆಳಗಿನ ಜಿಡಿಪಿ. 2010ರ ನವೆಂಬರ್‌ನಲ್ಲಿ ಘಾನಾ ತನ್ನ ಜಿಡಿಪಿಯ ಆಧಾರ ವರ್ಷವನ್ನು (ಯಾವ ವರ್ಷದ ಬೆಲೆ, ಉದ್ಯಮಗಳ ಚಿತ್ರ ಹಿಡಿದು ಎಣಿಸುತ್ತಾರೋ ಅದು) 1993ರಿಂದ 2006ಕ್ಕೆ ತಂದಿತು. ಮೊಬೈಲ್, ಬ್ಯಾಂಕಿಂಗ್ ಥರದ ಸೇವೆಗಳು ಆಗ ಲೆಕ್ಕಕ್ಕೆ ಸರಿಯಾಗಿ ಬಂದವು. ಜಿಡಿಪಿ ಸುಮಾರು ಶೇ. 60ರಷ್ಟು ದೊಡ್ಡದಾಯಿತು. ಬಡ ದೇಶ ಅನ್ನಿಸಿಕೊಂಡಿದ್ದದ್ದು ಕೆಳ ಮಧ್ಯಮ ಆದಾಯದ ದೇಶ ಅನ್ನಿಸಿಕೊಂಡಿತು. 25ನ್ನು 1.6ರಿಂದ ಭಾಗಿಸು. 15.6. ಮೇಲಿನ ಅಂಕಿ ಇದ್ದಷ್ಟೇ ಇದ್ದರೂ ಪಾಲು ಇಷ್ಟು ಕುಸಿಯುತ್ತದೆ. 2018ರಲ್ಲಿ ಮತ್ತೆ ಆಧಾರ ವರ್ಷ ಬದಲಾಯಿತು, ಈ ಸಲ 2013ಕ್ಕೆ. ಜಿಡಿಪಿ ಇನ್ನೊಂದು ಕಾಲು ಭಾಗ ಹಿಗ್ಗಿತು. ನಿನ್ನ ಹಳೇ ವರದಿಗೂ ಹೊಸದಕ್ಕೂ ತಾಳೆ ಆಗದೆ ಇರೋದು ಇದಕ್ಕೇ. ಹಳೇ ಪುಸ್ತಕದ ಅಂಕಿಯನ್ನು ಹೊಸ ಸರಣಿಯ ಬಾಲಕ್ಕೆ ಕಟ್ಟಬೇಡ.

ಇನ್ನೊಂದು ಸಣ್ಣದು. ಸ್ಥಿರ ಬಂಡವಾಳ ರಚನೆ (ರಸ್ತೆ, ಕಟ್ಟಡ, ಯಂತ್ರ ಇಂಥವು) ಬೇರೆ, ಒಟ್ಟು ಬಂಡವಾಳ ರಚನೆ ಬೇರೆ. ಎರಡನೆಯದರಲ್ಲಿ ದಾಸ್ತಾನಿನ ಬದಲಾವಣೆಯೂ ಸೇರುತ್ತದೆ. ಗೋದಾಮಿನಲ್ಲಿ ಕೋಕೋ ಮೂಟೆ ಜಾಸ್ತಿಯಾದರೂ ಅದು "ಹೂಡಿಕೆ"ಯೇ.

ಸಂಶೋಧಕ, ಬೆಂಗಳೂರು

ಮೇಷ್ಟ್ರು ಹೇಳಿದ್ದು ಸರಿ. ಆದರೆ ಅದನ್ನೇ ಹಿಡಿದು "80ರ ಕುಸಿತ ಬರೀ ಲೆಕ್ಕದ ಭ್ರಮೆ" ಅಂತ ಬರೆದುಬಿಡಬೇಡಿ. ಕುಸಿತ ನಿಜ. 1960ರ ದಶಕದ ಮಧ್ಯದಲ್ಲಿ 5 ಲಕ್ಷ ಟನ್ ದಾಟಿದ್ದ ಕೋಕೋ ಬೆಳೆ 1983-84ರಲ್ಲಿ 1.6 ಲಕ್ಷ ಟನ್‌ಗೆ ಬಂದಿತ್ತು. ರಸ್ತೆ, ರೈಲು ಎಷ್ಟು ಹಾಳಾಗಿದ್ದವು ಅಂದರೆ ಬೆಳೆದ ಕೋಕೋ ಬಂದರು ಮುಟ್ಟುವುದೇ ಕಷ್ಟವಾಗಿತ್ತು. 1983ರಲ್ಲಿ ಬರ, ಕಾಡ್ಗಿಚ್ಚು, ಅದರ ಮೇಲೆ ನೈಜೀರಿಯಾ ಹೊರಹಾಕಿದ ಸುಮಾರು 10 ಲಕ್ಷ ಘಾನಿಯನ್ನರು ಒಂದೇ ಸಲ ಮನೆಗೆ ಬಂದರು. ವೋಲ್ಟಾ ಸರೋವರದ ನೀರು ಇಳಿದು ರಾಜಧಾನಿ ಅಕ್ರಾ ಪಕ್ಕದ ಬಂದರು ಊರು ತೇಮಾದ ಅಲ್ಯೂಮಿನಿಯಂ ಕಾರ್ಖಾನೆಯ ಕರೆಂಟ್ ನಿಲ್ಲಿಸಬೇಕಾಯಿತು.

60ರ ದಶಕದ ಎತ್ತರದ ಬಗ್ಗೆಯೂ ಒಂದು ಮಾತು. ಎನ್‌ಕ್ರುಮಾ (ಸ್ವತಂತ್ರ ಘಾನಾದ ಮೊದಲ ನಾಯಕ) ಕಾಲದಲ್ಲಿ ಹೂಡಿಕೆ ಸುಮ್ನೆ ಕಾಗದದ ಮೇಲೆ ಇರಲಿಲ್ಲ. ತೇಮಾ ಬಂದರು, ಅಕ್ರಾ-ತೇಮಾ ಮೋಟಾರು ಹೆದ್ದಾರಿ, 1961ರಿಂದ 65ರ ನಡುವೆ ಕಟ್ಟಿದ ಅಕೊಸೊಂಬೊ ಅಣೆಕಟ್ಟು ಎಲ್ಲವೂ ಇವತ್ತೂ ಕೆಲಸ ಮಾಡುತ್ತಿವೆ. ಅಣೆಕಟ್ಟಿಗಾಗಿ ಸುಮಾರು 80,000 ಜನ ಊರು ಬಿಟ್ಟರು. ಇಷ್ಟಾದರೂ ಆ ವರ್ಷಗಳಲ್ಲಿ ತಲಾ ಆದಾಯ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ತೇಮಾದಲ್ಲಿ ಕಟ್ಟಿದ ಕೋಕೋ ಸೈಲೋಗಳು ಬಳಕೆಗೇ ಬರಲಿಲ್ಲ. 1965ರಲ್ಲಿ ಕೋಕೋ ಬೆಲೆ ಬಿತ್ತು, 1966ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಹಿಡಿಯಿತು, ಅವರ ಸರ್ಕಾರದ ಏಳು ವರ್ಷದ ಅಭಿವೃದ್ಧಿ ಯೋಜನೆ ಅರ್ಧಕ್ಕೆ ನಿಂತಿತು. ಪಾಲು ಎತ್ತರ ಇದ್ದರೆ ಸಾಲದು ಅನ್ನೋದಕ್ಕೆ ನಿಮಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲಿಕ್ಕಿಲ್ಲ.

ಸೈಟ್ ಎಂಜಿನಿಯರ್, ಮೊದಲು ತೇಮಾ, ಈಗ ಹುಬ್ಬಳ್ಳಿ

ನಾನು ಅರ್ಥಶಾಸ್ತ್ರ ಓದಿದವನಲ್ಲ. ಕಟ್ಟಿಸಿದ್ದೇನೆ ಅಷ್ಟೇ. ಅಲ್ಲಿ ಸಿಮೆಂಟ್ ಕಾರ್ಖಾನೆ ಇದೆ, ಆದರೆ ಕ್ಲಿಂಕರ್ (ಅರೆದರೆ ಸಿಮೆಂಟ್ ಆಗುವ ಗಟ್ಟಿ) ಹೆಚ್ಚಿನದು ಹಡಗಲ್ಲಿ ಬರುತ್ತದೆ, ಅಲ್ಲಿ ಅರೆಯುತ್ತಾರೆ. ಯಂತ್ರ, ಬಿಡಿಭಾಗ, ಲಿಫ್ಟ್, ಟ್ರಾನ್ಸ್‌ಫಾರ್ಮರ್ ಎಲ್ಲಾ ಡಾಲರ್. ಸೆಡಿ ಬಿದ್ದ ವಾರವೇ ನಮ್ಮ ಅಂದಾಜು ಪಟ್ಟಿ ಕಸ. ಮಾಲೀಕರು ಆಗ ಏನು ಮಾಡುತ್ತಾರೆ? ಕೆಲಸ ನಿಲ್ಲಿಸಿ ದರ ಇಳಿಯಲಿ ಅಂತ ಕಾಯುತ್ತಾರೆ. ದರ ಇಳಿಯಲ್ಲ.

ಅಕ್ರಾದಿಂದ ಯಾವ ದಿಕ್ಕಿಗೆ ಹೊರಟರೂ ರಸ್ತೆ ಪಕ್ಕದಲ್ಲಿ ಅರ್ಧ ಎದ್ದ ಬ್ಲಾಕ್ ಗೋಡೆಗಳು ಕಾಣುತ್ತವೆ. ಮೊದಮೊದಲು ಪಾಳುಬಿದ್ದ ಮನೆ ಅನ್ನಿಸುತ್ತದೆ, ಅಲ್ಲ. ಜನ ಕೈಯಲ್ಲಿ ಕಾಸು ಬಂದಾಗ ನಾಲ್ಕು ವರಸೆ ಬ್ಲಾಕ್ ಏರಿಸುತ್ತಾರೆ, ಮುಂದಿನ ವರ್ಷ ಲಿಂಟಲ್, ಅದರ ಮುಂದಿನ ವರ್ಷ ಶೀಟು. ಲಂಡನ್ನಿಂದ ಮಗ ಕಳಿಸಿದ ದುಡ್ಡು, ವ್ಯಾಪಾರದ ಲಾಭ, ಎಲ್ಲಾ ಅದಕ್ಕೇ. ಗೃಹಸಾಲದ ಬಡ್ಡಿ ಕೇಳಿದರೆ ಯಾರೂ ಹತ್ತಿರ ಹೋಗಲ್ಲ. 2021ರ ಜನಗಣತಿಯಲ್ಲಿ ದೇಶದ ಕಟ್ಟಡಗಳಲ್ಲಿ ಸುಮಾರು ಐದರಲ್ಲಿ ಒಂದು ಇನ್ನೂ ಪೂರ್ತಿಯಾಗಿರಲಿಲ್ಲ. ಬೆಲೆ ಏರುವ ದೇಶದಲ್ಲಿ ಸೆಡಿ ಕೂಡಿಡೋದಕ್ಕಿಂತ ಬ್ಲಾಕ್ ಕೂಡಿಡೋದು ಜಾಣತನ, ನಿಜ ಹೇಳಬೇಕೆಂದರೆ. ಲೆಕ್ಕದವರಿಗೆ ಇದು ಹೂಡಿಕೆ. ಆದರೆ ಹತ್ತು ವರ್ಷ ಯಾರೂ ಅದರಲ್ಲಿ ಇರಲ್ಲ.

ಸರ್ಕಾರದ್ದೂ ಇದೇ ಕಥೆ. ಅಲ್ಲಿನ ಸ್ಥಳೀಯ ಆಡಳಿತಗಳ 14,000ಕ್ಕೂ ಹೆಚ್ಚು ಸಣ್ಣ ಕಾಮಗಾರಿಗಳನ್ನು ನೋಡಿದ ಒಂದು ಅಧ್ಯಯನ ಇದೆ. ಶಾಲೆ, ಕ್ಲಿನಿಕ್, ಸಿಬ್ಬಂದಿ ಮನೆ ಇಂಥವು. ಶುರುವಾದವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮುಗಿಯುವುದೇ ಇಲ್ಲ. ನುಂಗಿಹಾಕಿದರು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಧ್ಯಯನ ಹೇಳೋದು ಬೇರೆ. ಪ್ರತಿ ವರ್ಷ ಎಲ್ಲರೂ ತಮ್ಮ ತಮ್ಮ ಏರಿಯಾಕ್ಕೆ ಹೊಸ ಕೆಲಸ ಕೇಳುತ್ತಾರೆ, ಇದ್ದ ದುಡ್ಡು ಹಂಚಿಹೋಗುತ್ತದೆ, ಹಳೇದು ಹಾಗೇ ಉಳಿಯುತ್ತದೆ. ನಾನು ಕಣ್ಣಾರೆ ಕಂಡದ್ದೂ ಅದೇ.

ನಮ್ಮ ದೇಶದ ದುಡ್ಡಿನ ಎರಡು ಉದಾಹರಣೆ ಕೊಡ್ತೀನಿ, ಪ್ರಬಂಧಕ್ಕೆ ಆದೀತು. ತೇಮಾದಿಂದ ಎಂಪಕಾಡನ್‌ಗೆ ಸುಮಾರು 97 ಕಿ.ಮೀ. ರೈಲು ಮಾರ್ಗ, ನಮ್ಮ ಎಕ್ಸಿಮ್ ಬ್ಯಾಂಕಿನ (ಭಾರತ ಸರ್ಕಾರದ ರಫ್ತು-ಆಮದು ಬ್ಯಾಂಕು) ಸಾಲ, ಕಟ್ಟಿದ್ದು ಭಾರತದ ಕಂಪನಿ, 2024ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಇನ್ನೊಂದು ಕೊಮೆಂಡಾ ಸಕ್ಕರೆ ಕಾರ್ಖಾನೆ. ಅದಕ್ಕೂ ಎಕ್ಸಿಮ್ ಬ್ಯಾಂಕಿನದೇ 3.5 ಕೋಟಿ ಡಾಲರ್ ಸಾಲ. 2016ರಲ್ಲಿ ಟೇಪು ಕತ್ತರಿಸಿದರು. ಅರೆಯೋಕೆ ಸಾಕಷ್ಟು ಕಬ್ಬೇ ಇರಲಿಲ್ಲ. ಕಾರ್ಖಾನೆ ವರ್ಷಗಟ್ಟಲೆ ಮುಚ್ಚಿಕೊಂಡು ಕೂತಿತು. ನಿಮ್ಮ ಗ್ರಾಫ್‌ನಲ್ಲಿ ಎರಡೂ ಒಂದೇ ಜಾತಿ, ಅಲ್ವಾ?

ಮರೆತಿದ್ದೆ. 2012ರಿಂದ 2016ರವರೆಗೆ ಡುಮ್ಸೊರ್ ಅಂತ ಅಲ್ಲಿಯವರು ಕರೆಯುವ ಕರೆಂಟ್ ಕಾಟ ಇತ್ತು. ಸಣ್ಣ ಅಂಗಡಿಯವನೂ ಜನರೇಟರ್ ತಂದ. ವ್ಯಾಪಾರಕ್ಕೆ ಕೊಂಡ ಜನರೇಟರ್ ಕೂಡ ಹೂಡಿಕೆ ಅಂತ ಲೆಕ್ಕಕ್ಕೆ ಬರುತ್ತದಂತೆ. ಹಾಗಾದರೆ ಕರೆಂಟ್ ಹೋದಷ್ಟೂ ಹೂಡಿಕೆ ಜಾಸ್ತಿ!

ಗೇರುಬೀಜ ವ್ಯಾಪಾರಿ, ಮಂಗಳೂರು

ಮಾರಾಯ್ರೆ, ಎಲ್ಲರೂ ಸಿಮೆಂಟೇ ಹೇಳ್ತಾ ಇದ್ದೀರಿ. ಮರ ಎಲ್ಲಿ ಹೋಯಿತು?

ನಮ್ಮ ಕಾರ್ಖಾನೆಗಳು ನಡೆಯುವುದೇ ಆಫ್ರಿಕಾದ ಕಚ್ಚಾ ಬೀಜದಿಂದ. ಹಾಗಾಗಿ ಸೀಸನ್ನಿಗೆ ನಾನು ಘಾನಾದ ಬೋನೊ ಕಡೆ, ವೆಂಚಿ, ಸಾಂಪಾಕ್ಕೆ ಹೋಗಿ ಬರುವವ. ಅಲ್ಲಿ ರೈತ ಗೇರು ಸಸಿ ನೆಟ್ಟರೆ ಫಸಲು ಬರಲಿಕ್ಕೆ ಮೂರು ನಾಲ್ಕು ವರ್ಷ. ಅಷ್ಟು ವರ್ಷ ದುಡಿಮೆ, ಭೂಮಿ ಎಲ್ಲಾ ಅದರಲ್ಲೇ. ಇದು ಹೂಡಿಕೆ ಅಲ್ಲದೆ ಮತ್ತೇನು? ಕೋಕೋ ಕಥೆಯೂ ಇದೇ. ಘಾನಾಕ್ಕೆ ಗೋಲ್ಡ್ ಕೋಸ್ಟ್ ಅಂತ ಹೆಸರು ಇದ್ದ ಕಾಲದಲ್ಲಿ, 1911ರ ಹೊತ್ತಿಗೇ, ಅದು ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ಜಾಗ ಆಗಿತ್ತು. ಅದನ್ನು ಮಾಡಿದ್ದು ಬ್ರಿಟಿಷ್ ಕಂಪನಿ ಅಲ್ಲ, ಸಣ್ಣ ರೈತರು. ದೇಶದ ದೊಡ್ಡ ಖಾಸಗಿ ಹೂಡಿಕೆ ಎಂದರೆ ಅದೇ ಇರಬೇಕು.

ಆಮೇಲೆ ಕೋಕೋ ಕೊಳ್ಳುವ ಸರ್ಕಾರಿ ಕೋಕೋ ಬೋರ್ಡು ರೈತನಿಗೆ ಕೊಡುವ ಬೆಲೆ ಹಿಡಿದಿಟ್ಟು, ಆ ದುಡ್ಡಿನಲ್ಲಿ ಸರ್ಕಾರ ಕಟ್ಟಡ ಕಟ್ಟಿತು. ಅಲ್ಲಿಗೆ ರೈತ ಹೊಸ ಗಿಡ ನೆಡುವುದನ್ನು ನಿಲ್ಲಿಸಿದ, ಇದ್ದ ಕೋಕೋವನ್ನು ಗಡಿ ದಾಟಿಸಿ ಐವರಿ ಕೋಸ್ಟಿಗೆ ಮಾರಿದ. ಒಂದು ಕಡೆ ಸರ್ಕಾರದ ಹೂಡಿಕೆ ಏರುವಾಗ ಇನ್ನೊಂದು ಕಡೆ ರೈತನದ್ದು ಇಳಿಯುತ್ತಿತ್ತು. ಈಗ ಗಲಾಮ್ಸೆ ಬಂದಿದೆ, ಅಂದರೆ ಕಳ್ಳ ಚಿನ್ನದ ಗಣಿ. ಫಲ ಕೊಡುವ ತೋಟವನ್ನೇ ಅಗೆದು ಹಾಕ್ತಾರೆ. ಹೊಸ ಅಗೆಯುವ ಯಂತ್ರ ತಂದರೆ ಹೂಡಿಕೆ, ಹೋದ ತೋಟವನ್ನು ಯಾರು ಕಳೆಯುತ್ತಾರೆ? ಮೇಷ್ಟ್ರೇ, ಒಟ್ಟು ಅನ್ನುವ ಅಂಕಿಯಲ್ಲಿ ಸವಕಳಿ ಕಳೆಯುವುದಿಲ್ಲ ಅಲ್ವಾ?

ಅಂಕಿಅಂಶದ ಮೇಷ್ಟ್ರು

ಕಳೆಯುವುದಿಲ್ಲ. ಒಳ್ಳೇ ಪ್ರಶ್ನೆ ಕೇಳಿದಿರಿ.

ಲೆಕ್ಕಪತ್ರ ನೋಡುವವಳು, ಅಕ್ರಾ

ಖಾಸಗಿ ಹೂಡಿಕೆ ಯಾಕೆ ಏಳಲ್ಲ ಅನ್ನೋದಕ್ಕೆ ನನ್ನ ಟೇಬಲ್ ಮೇಲಿಂದ ಒಂದು ಉತ್ತರ. 2022ರ ಕೊನೆಯಲ್ಲಿ ಸರ್ಕಾರದ 91 ದಿನದ ಟ್ರೆಜರಿ ಬಿಲ್ (ಸರ್ಕಾರ ಎತ್ತುವ ಅಲ್ಪಾವಧಿ ಸಾಲ) ಬಡ್ಡಿ ಶೇ. 35ರ ಹತ್ತಿರ ಇತ್ತು. 1990ರ ದಶಕದಲ್ಲೂ ಶೇ. 40 ದಾಟಿದ ಕಾಲ ಇತ್ತು. ಮೂರು ತಿಂಗಳಿಗೆ ಸರ್ಕಾರಕ್ಕೆ ಕೊಟ್ಟು ಇಷ್ಟು ಸಿಗುವಾಗ ಬ್ಯಾಂಕು ಕಾರ್ಖಾನೆಗೆ ಏಳು ವರ್ಷದ ಸಾಲ ಯಾಕೆ ಕೊಡುತ್ತದೆ? ನಾವು ಲೆಕ್ಕ ನೋಡುವ ಕಂಪನಿಗಳು ಹೊಸ ಯಂತ್ರ ತರೋದು ತಮ್ಮದೇ ಲಾಭದಲ್ಲಿ, ಇಲ್ಲ ಹೊರಗಿನ ಮಾತೃಸಂಸ್ಥೆಯ ದುಡ್ಡಲ್ಲಿ.

ಸರ್ಕಾರದ ಕಡೆ ನೋಡಿ. 2007ರಲ್ಲಿ ಜುಬಿಲಿ ತೈಲ ನಿಕ್ಷೇಪ ಸಿಕ್ಕಿತು. ಅದೇ ವರ್ಷ ಮೊದಲ ಯೂರೋಬಾಂಡ್ (ಹೊರದೇಶದ ಹೂಡಿಕೆದಾರರಿಂದ ಡಾಲರಿನಲ್ಲಿ ಎತ್ತುವ ಸಾಲ), 75 ಕೋಟಿ ಡಾಲರ್. 2010ರ ಡಿಸೆಂಬರ್‌ನಲ್ಲಿ ಎಣ್ಣೆ ಹರಿಯಿತು, 2011ರಲ್ಲಿ ಬೆಳವಣಿಗೆ ಶೇ. 14ರ ಮಟ್ಟ. ಎಣ್ಣೆ ಬರುವ ಮುಂಚೆಯೇ ಸಾಲ, ಎಣ್ಣೆ ಬಂದ ಮೇಲೆ ಸಂಬಳ ಏರಿಕೆ. 2010ರಿಂದ ಸರ್ಕಾರಿ ನೌಕರರಿಗೆ ಹೊಸ ವೇತನ ಪದ್ಧತಿ ಜಾರಿಗೆ ಬಂತು. ಸಂಬಳ, ಬಡ್ಡಿ ಕಳೆದು ಉಳಿದದ್ದು ಕಾಮಗಾರಿಗೆ. ಕಷ್ಟ ಬಂದಾಗ ಮೊದಲು ಕತ್ತರಿ ಬೀಳೋದೂ ಅದಕ್ಕೇ, ಯಾಕೆಂದರೆ ಅರ್ಧ ರಸ್ತೆ ಮುಷ್ಕರ ಮಾಡುವುದಿಲ್ಲ. ಚುನಾವಣೆ ವರ್ಷ ಖರ್ಚು ಏರುತ್ತದೆ, ಮರುವರ್ಷ ಗುತ್ತಿಗೆದಾರರ ಬಿಲ್ಲು ಬಾಕಿ. 2012, 2016, 2020ಕ್ಕೆ ಗ್ರಾಫ್ ಮೇಲೆ ಗುರುತು ಹಾಕಿಕೊಳ್ಳಿ.

2022ರ ಡಿಸೆಂಬರ್‌ನಲ್ಲಿ ಹೊರಸಾಲದ ಬಹುಪಾಲು ಕಂತು ಕಟ್ಟೋದನ್ನು ನಿಲ್ಲಿಸಿದರು. ಆ ತಿಂಗಳ ಹಣದುಬ್ಬರ ಶೇ. 54. ಕಂತು ನಿಂತ ಕೂಡಲೇ ಬೇರೆ ದೇಶಗಳ ಸಾಲದಲ್ಲಿ ನಡೆಯುತ್ತಿದ್ದ ಎಷ್ಟೋ ಕಾಮಗಾರಿಗಳೂ ನಿಂತವು. 2023ರ ಮೇನಲ್ಲಿ ಐಎಂಎಫ್‌ನ 300 ಕೋಟಿ ಡಾಲರ್ ಕಾರ್ಯಕ್ರಮ ಬಂತು, ಅದರಲ್ಲೂ ಬಂಡವಾಳ ವೆಚ್ಚಕ್ಕೆ ಬಿಗಿ.

ಒಂದು ಎಚ್ಚರಿಕೆ. ವಿದೇಶಿ ಹೂಡಿಕೆಗೆ ಅಂತ ಘಾನಾ ಸರ್ಕಾರದ ಹೂಡಿಕೆ ಉತ್ತೇಜನ ಕೇಂದ್ರದ ನೋಂದಣಿ ಅಂಕಿ ಹಾಕಬೇಡಿ. ಅದು ನೋಂದಣಿ ಹೊತ್ತಿಗೆ ಹೇಳಿದ ಮೊತ್ತ, ಹಾಕಿದ ಮೊತ್ತ ಅಲ್ಲ. 2013ರ ಕಾನೂನಿನಲ್ಲಿ ವಿದೇಶಿಯರು ವ್ಯಾಪಾರದ ಕಂಪನಿ ತೆರೆಯೋಕೆ ಕನಿಷ್ಠ 10 ಲಕ್ಷ ಡಾಲರ್ ಬಂಡವಾಳ ಬೇಕು ಅಂತ ಇತ್ತು. ಆ ದುಡ್ಡು ಅಕ್ಕಿ, ಟೈರು, ಬಟ್ಟೆಯ ದಾಸ್ತಾನಾಗಿ ಬರಬಹುದು. ಸೇತುವೆ ಆಗಿ ಬರಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ದಶಕದ ಲೆಕ್ಕದಲ್ಲಿ ಅಧ್ಯಾಯ ಮಾಡೋದು ಬಿಟ್ಟು, 1966, 1983, 2010, 2022 ಇಲ್ಲಿ ಕತ್ತರಿಸಲಾ ಸರ್?

ಅಂಕಿಅಂಶದ ಮೇಷ್ಟ್ರು

ಕತ್ತರಿಸು. ಆದರೆ 2010ರ ಕತ್ತರಿ ಬೇರೆ ಥರದ್ದು ಅಂತ ಅಲ್ಲೇ ಬರೆ. ಎಣ್ಣೆ ಬಂದದ್ದೂ ಅದೇ ವರ್ಷ, ಆಧಾರ ವರ್ಷ ಬದಲಾದದ್ದೂ ಅದೇ ವರ್ಷ. ಹಳೇ ಸರಣಿ, ಹೊಸ ಸರಣಿ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಹಾಕು, ಕೂಡಿಸಬೇಡ. ಸ್ಥಿರ ಬೆಲೆಯ ಸರಣಿ ಕೆಳಗೆ ಇರಲಿ. ಜೊತೆಗೆ ಸಿಮೆಂಟ್ ಬಳಕೆ, ಯಂತ್ರಗಳ ಆಮದು ಇವುಗಳ ಅಂಕಿ ಸಿಕ್ಕರೆ ಪಕ್ಕದಲ್ಲಿಡು. ಅವು ಭಾಗಾಕಾರದ ಅಂಕಿಗಳಲ್ಲ.

ಗೇರುಬೀಜ ವ್ಯಾಪಾರಿ

ಕೋಕೋ ರೈತನಿಗೆ ಸಿಕ್ಕ ಬೆಲೆಯ ಸಾಲೂ ಒಂದು ಇರಲಿ ತಂಗಿ. ಸೀಸನ್ನಿಗೆ ಸಾಂಪಾಕ್ಕೆ ಹೋದಾಗ ಗೇರು ಸಸಿ ಎಷ್ಟಕ್ಕೆ ಮಾರ್ತಾರೆ, ಯಾರು ನೆಡ್ತಾ ಇದ್ದಾರೆ ಅಂತ ಕೇಳಿಕೊಂಡು ಬಂದು ಇಲ್ಲೇ ಬರೀತೇನೆ.